ನಲವತ್ತು ದಾಟಿದವರ ಓಟ

ನಲವತ್ತು ದಾಟಿದ ಗಂಡಸೊಬ್ಬ ಚಡ್ಡಿ ಹಾಕಿಕೊಂಡು ಡಾಮರು ರಸ್ತೆಯಲ್ಲಿ ಓಡಲು ಹೊರಟರೆ ಏನಾದರೊಂದು ಆಗದೆ ಮನೆಗೆ ಮರಳುವುದಿಲ್ಲ. ನಾನು ಹದಿನಾರು ವರ್ಷ ಓಡಿದವನು. ಎಂಬತ್ತನಾಲ್ಕರಲ್ಲಿ ಶುರು ಮಾಡಿ ಎರಡು ಸಾವಿರದವರೆಗೆ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಅಂತ ಎಲ್ಲೆಲ್ಲಿ ದೂರದ ಓಟದ ಸ್ಪರ್ಧೆ ಇತ್ತೋ ಅಲ್ಲೆಲ್ಲ ಹೋದೆ. ಗೆದ್ದದ್ದು ಕಡಿಮೆ. ಆದರೆ ಬರಿಗೈಯಲ್ಲಿ ಬಂದ ದಿನ ಇಲ್ಲ. ಕಪ್ ಸಿಗದಿದ್ದರೆ ಕತೆ ಸಿಗುತ್ತಿತ್ತು.

ನಾನು ವಿಲ್ಲೇಜ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕೂತು ಕೂತು ಹೊಟ್ಟೆ ಬಂದಾಗ ಡಾಕ್ಟರರು, "ಬೆಳಿಗ್ಗೆ ಒಂದು ಗಂಟೆ ನಡೆಯಿರಿ" ಎಂದರು. ನಡೆದೆ. ಆದರೆ ನಮ್ಮೂರಿನಲ್ಲಿ ವಿಲ್ಲೇಜ್ ಆಫೀಸಿನವನು ನಡೆದುಕೊಂಡು ಹೋದರೆ ಸುಮ್ಮನೆ ಬಿಡುತ್ತಾರೆಯೇ? ಗೇಟಿಗೊಬ್ಬರು ನಿಲ್ಲಿಸಿ, "ನಮ್ಮ ಜಾಗದ ಕಾಗದ ಎಂತ ಆಯ್ತು? ಆದಾಯದ ಸರ್ಟಿಫಿಕೇಟು ಯಾವಾಗ ಸಿಗ್ತದೆ?" ಎಂದು ಕೇಳುತ್ತಿದ್ದರು. ಒಂದು ಗಂಟೆಯಲ್ಲಿ ಅರ್ಧ ಮೈಲಿ ಸಾಗುತ್ತಿರಲಿಲ್ಲ. ಓಡುವವನನ್ನು ಯಾರೂ ನಿಲ್ಲಿಸುವುದಿಲ್ಲ ಎಂದು ಹೊಳೆದ ದಿನ ನಾನು ಓಟಗಾರನಾದೆ.

ಯಾರಿಗೆ ಎಂತ ಆಯ್ತು?

ಮೊದಲ ದಿನ ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಹೊರಟೆ. ಪೇಟೆಯ ತಿರುವಿನಲ್ಲಿ ಚಾ ಅಂಗಡಿಯ ಕಾಕ ಆಗಷ್ಟೆ ಬಾಗಿಲು ತೆರೆದು ನೀರು ಕಾಯಿಸುವ ಸಮೋವರಿಗೆ ಕೆಂಡ ತುಂಬುತ್ತಿದ್ದರು. ಇಷ್ಟು ವರ್ಷ ಪ್ಯಾಂಟು ಹಾಕಿ, ಕೊಡೆ ಹಿಡಿದು, ಮೆಲ್ಲನೆ ನಡೆದು ಬರುತ್ತಿದ್ದ ನಾನು ಬನಿಯಾನು ಚಡ್ಡಿಯಲ್ಲಿ ಓಡಿ ಬರುವುದನ್ನು ಕಂಡು ಅವರ ಕೈಯ ಇಕ್ಕುಳ ಹಾಗೆಯೇ ನಿಂತಿತು.

"ಪೊರ್ಬುಗಳೇ, ಎಂತ ಆಯ್ತು?" ಎಂದು ಕೂಗಿದರು. ಕೊಂಕಣಿ ಕ್ರಿಶ್ಚಿಯನರನ್ನು ನಮ್ಮ ಕಡೆ ಕರೆಯುವುದೇ ಹಾಗೆ.

ನನಗೆ ಉತ್ತರ ಕೊಡಲು ಉಸಿರಿಲ್ಲ. 'ಏನೂ ಇಲ್ಲ' ಎನ್ನುವ ಹಾಗೆ ಕೈ ಬೀಸಿ ಮುಂದೆ ಓಡಿದೆ. ಅಲ್ಲೇ ತಪ್ಪಿದ್ದು. ಆ ರೀತಿ ಕೈ ಬೀಸಿದರೆ ನಮ್ಮೂರಿನಲ್ಲಿ ಅರ್ಥ ಬೇರೆ. 'ಮುಗಿಯಿತು, ಇನ್ನು ಏನೂ ಉಳಿದಿಲ್ಲ' ಎಂದು.

ಶಾಲೆಯ ತನಕ ಓಡಿ, ಗುಡ್ಡದ ದಾರಿಯಲ್ಲಿ ಹಿಂದೆ ಬಂದು ನೋಡಿದರೆ ನಮ್ಮ ಅಂಗಳದಲ್ಲಿ ಹದಿನೈದು ಮಂದಿ. ಕಾಕ ಅಂಗಡಿಗೆ ಬೀಗ ಹಾಕಿ ಬಂದಿದ್ದಾರೆ. ಹಾಲಿನ ಸೊಸೈಟಿಯವರು ಕ್ಯಾನು ಸಮೇತ ನಿಂತಿದ್ದಾರೆ. ಇಗರ್ಜಿಯ ಪಕ್ಕದ ಮನೆಯ ಇಬ್ಬರು ಹೆಂಗಸರು ಜಪಸರ ಹಿಡಿದು ಕೂತಿದ್ದಾರೆ. ಎಲ್ಲರೂ ತಮ್ಮ ತಮ್ಮಲ್ಲೇ ಪಿಸುಗುಟ್ಟುತ್ತಿದ್ದಾರೆ. ಯಾಕೆ ಬಂದರು ಎಂದು ಗೊತ್ತಾಗದೆ ನನ್ನ ಹೆಂಡತಿ ಎಲ್ಲರಿಗೂ ಕಾಫಿ ಮಾಡುತ್ತಿದ್ದಾಳೆ.

ಅವರೆಲ್ಲ ಬಂದದ್ದು ನನ್ನ ಅಮ್ಮನಿಗಾಗಿ. ಎಪ್ಪತ್ತೆಂಟು ವರ್ಷದ ಅಮ್ಮ ಒಂದು ವಾರದಿಂದ ಜ್ವರದಲ್ಲಿ ಮಲಗಿದ್ದು ಊರಿಗೆಲ್ಲ ಗೊತ್ತಿತ್ತು. ನಾನು ಓಡಿದ್ದನ್ನು ಕಂಡು ಉಳಿದದ್ದನ್ನು ಅವರೇ ಸೇರಿಸಿಕೊಂಡಿದ್ದರು. ಗದ್ದಲ ಕೇಳಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದು, "ಯಾರು ಸತ್ತದ್ದು?" ಎಂದು ಕೇಳಿದರು.

ಕಾಕ ತಲೆ ತಗ್ಗಿಸಿ, "ನೀವು ಅಂತ ಬಂದೆವು ಅಮ್ಮಾ" ಎಂದರು.

ನಾನು ನಾಚಿಕೆಯಿಂದ ಕುಗ್ಗಿಹೋದೆ. ಅಮ್ಮ ಮಾತ್ರ ಅಂಗಳದಲ್ಲಿದ್ದವರನ್ನು ಈ ಕಡೆಯಿಂದ ಆ ಕಡೆಗೆ ಒಬ್ಬೊಬ್ಬರನ್ನಾಗಿ ಎಣಿಸಿ ತೃಪ್ತಿಯಿಂದ ತಲೆಯಾಡಿಸಿದರು. "ಇಷ್ಟು ಜನ ಬರ್ತಾರೆ ಅಂತ ಗೊತ್ತಾಯ್ತಲ್ಲ. ಇನ್ನು ಹೆದರಿಕೆ ಇಲ್ಲ."

ಆ ದಿನವೇ ಜ್ವರ ಬಿಟ್ಟಿತು. ಆಮೇಲೆ ಅಮ್ಮ ಒಂಬತ್ತು ವರ್ಷ ಬದುಕಿದರು.

ಮೂವತ್ತೆಂಟರ ಯುವಕ

ನಮ್ಮ ಊರಿನ ಸ್ಪೋರ್ಟ್ಸ್ ಕ್ಲಬ್ಬಿಗೆ ನಾನು ಸೇರಿದ್ದು ಅದೇ ವರ್ಷ. ಅದರ ಸೆಕ್ರೆಟರಿ ರಿಟೈರ್ ಆದ ಡ್ರಿಲ್ ಮಾಸ್ಟರರು. ಕುತ್ತಿಗೆಯಲ್ಲಿ ಒಂದು ಸೀಟಿ, ಒಂದು ಸ್ಟಾಪ್‌ವಾಚು. ಪೂಜೆಗೆ ಹೋಗುವಾಗಲೂ ಅವೆರಡನ್ನು ತೆಗೆದವರಲ್ಲ.

ಕಾಸರಗೋಡಿನಲ್ಲಿ ಹತ್ತು ಕಿಲೋಮೀಟರ್ ಓಟ ಇದೆ, ನಲವತ್ತು ದಾಟಿದವರಿಗೆ ಬೇರೆ ವಿಭಾಗ ಉಂಟು ಎಂದು ಅವರೇ ಹೇಳಿದ್ದು. ಪ್ರಾಯಕ್ಕೆ ದಾಖಲೆ ತರಬೇಕಿತ್ತು. ನನಗೆ ನಲವತ್ತಾಗಿತ್ತು. ಆದರೆ ದಾಖಲೆಯಲ್ಲಿ ಆಗಿರಲಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗಲೇ ಎರಡು ವರ್ಷ ತಡವಾಗಿತ್ತು. ಹುಡುಗನಿಗೆ ನಷ್ಟ ಆಗುವುದು ಬೇಡ ಎಂದು ಹೆಡ್‌ಮಾಸ್ಟರರು ಎರಡು ವರ್ಷ ಕಡಿಮೆ ಬರೆದುಬಿಟ್ಟಿದ್ದರು. ಸರ್ಕಾರದ ಲೆಕ್ಕದಲ್ಲಿ ನನಗೆ ಮೂವತ್ತೆಂಟು.

ಪ್ರಾಯ ಕಡಿಮೆ ಮಾಡಿಕೊಡಿ ಎಂದು ಕೇಳುವವರನ್ನು ನಾನು ಆಫೀಸಿನಲ್ಲಿ ದಿನಾ ನೋಡುತ್ತಿದ್ದೆ. ಹೆಚ್ಚು ಮಾಡಿಕೊಡಿ ಎಂದು ಕೇಳಲು ಹೊರಟವನು ನಾನೊಬ್ಬನೇ ಇರಬೇಕು. ನಮ್ಮ ಇಗರ್ಜಿಗೆ ಹೋಗಿ ಪಾದ್ರಿಗಳಲ್ಲಿ ವಿಷಯ ಹೇಳಿದೆ. ಅವರು ಕಪಾಟಿನಿಂದ ನುಸಿಗುಳಿಗೆಯ ವಾಸನೆಯ ದೊಡ್ಡ ರಿಜಿಸ್ಟರು ಇಳಿಸಿ, ನನ್ನ ಜ್ಞಾನಸ್ನಾನದ ಪುಟ ಹುಡುಕಿ, ಚೆಂದದ ಅಕ್ಷರದಲ್ಲಿ ಸರ್ಟಿಫಿಕೇಟು ಬರೆದುಕೊಟ್ಟರು. "ದೇವರ ಪುಸ್ತಕದಲ್ಲಿ ನಿನಗೆ ನಲವತ್ತು. ಸರಿಯಾಗಿ ಓಡು" ಎಂದು ಬೆನ್ನು ತಟ್ಟಿದರು.

ಖುಷಿಯಲ್ಲಿ ಅದನ್ನು ಆಫೀಸಿಗೆ ಕೊಂಡುಹೋಗಿ ವಿಲ್ಲೇಜ್ ಆಫೀಸರರಿಗೆ ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದು, ಬಾಗಿಲು ಮುಚ್ಚಿ ಬಂದರು.

"ಇದನ್ನು ಬೇರೆ ಯಾರಿಗಾದರೂ ತೋರಿಸಿದ್ದೀರಾ?"

"ಇಲ್ಲ ಸಾರ್. ನಾಳೆ ಓಟದವರಿಗೆ ಕೊಡ್ತೇನೆ."

"ನೀವು ಗೆದ್ದರೆ ಓಟದವರು ಪೇಪರಿಗೆ ಹೆಸರು, ಪ್ರಾಯ ಎಲ್ಲ ಕೊಡ್ತಾರೆ. ತಾಲೂಕು ಆಫೀಸಿನಲ್ಲಿ ಪೇಪರ್ ಓದುವವರು ಇದ್ದಾರೆ. ಸರ್ವಿಸ್ ಬುಕ್ಕಿನಲ್ಲಿ ಇರುವುದಕ್ಕಿಂತ ಇವನು ಎರಡು ವರ್ಷ ದೊಡ್ಡವನು ಅಂತ ಯಾರಾದರೂ ಬರೆದು ಹಾಕಿದರೆ, ಎರಡು ವರ್ಷ ಮೊದಲೇ ಮನೆಗೆ. ಕಪ್ ಬೇಕಾ, ಕೆಲಸ ಬೇಕಾ? ಯೋಚನೆ ಮಾಡಿ."

ನಾನು ಯೋಚನೆ ಮಾಡುವ ಮೊದಲು ನನ್ನ ಹೆಂಡತಿ ಮಾಡಿದಳು. ಸರ್ಟಿಫಿಕೇಟನ್ನು ನನ್ನ ಕೈಯಿಂದ ತೆಗೆದು, ಪೆಟ್ಟಿಗೆಯಲ್ಲಿ ತನ್ನ ಮದುವೆ ಸೀರೆಯ ಅಡಿಗೆ ಇಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇನ್ನು ಎರಡು ವರ್ಷ ನೀವು ಹುಡುಗ" ಎಂದಳು.

ಹಾಗಾಗಿ ನಾನು ಹುಡುಗರ ಜೊತೆ ಓಡಿದೆ. ಕಾಲೇಜಿನವರು, ಪೊಲೀಸ್ ಕ್ಯಾಂಪಿನವರು, ಬಂದರಿನ ದೋಣಿ ಎಳೆಯುವವರು. ಎಲ್ಲರೂ ಮುಗಿಸಿ, ಸ್ನಾನ ಮಾಡಿ, ತಲೆ ಬಾಚಿದ ಮೇಲೆ ನಾನು ಮೈದಾನ ಮುಟ್ಟಿದೆ. ಮೈಕಿನವರು ಬಹಳ ಪ್ರೀತಿಯಿಂದ ಹೇಳಿದರು: "ಕೊನೆಯದಾಗಿ ಬರುತ್ತಿದ್ದಾರೆ, ಮೂವತ್ತೆಂಟು ವರ್ಷದ ಯುವಕ! ಚಪ್ಪಾಳೆ!"

ಹಗ್ಗದ ಆಚೆ ನಿಂತಿದ್ದ ಒಬ್ಬರು ಅಜ್ಜಿ ನನ್ನ ಬೋಳು ತಲೆ ನೋಡಿ ಪಕ್ಕದವರಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿತು. "ಪಾಪ, ಮೂವತ್ತೆಂಟಕ್ಕೇ ಹೀಗಾಗಿದ್ದಾನೆ. ಎಂತ ಕಾಯಿಲೆಯೋ!"

ಎಡಗೈಯ ಗುಟ್ಟು

ಎರಡು ವರ್ಷ ಕಳೆದು ಸರ್ಕಾರದ ಲೆಕ್ಕದಲ್ಲೂ ನನಗೆ ನಲವತ್ತಾದಾಗ ಕ್ಲಬ್ಬಿನಲ್ಲಿ ನಲವತ್ತು ದಾಟಿದ ಓಟಗಾರರು ಏಳು ಮಂದಿಯಾದೆವು. ಅವರಲ್ಲಿ ನನಗೆ ತೀರ ಹತ್ತಿರದವನು ಪೇಟೆಯ ಟೈಲರ್. ಗಿಡ್ಡ ಆಳು, ವಾಲಿದ ಕಾಲು, ಇಡೀ ದಿನ ಮೆಷಿನು ತುಳಿದು ಗಟ್ಟಿಯಾದ ಮೀನಖಂಡ. ಓಡುವಾಗ ಸದಾ ನನ್ನಿಂದ ನೂರು ಹೆಜ್ಜೆ ಹಿಂದೆ. ಮಾತಿನಲ್ಲಿ ಮಾತ್ರ ಸದಾ ಮುಂದೆ.

ಏಳು ಮಂದಿಗೂ ಒಂದೇ ಬಣ್ಣದ ಚಡ್ಡಿ ಬೇಕು ಎಂದು ಅವನಿಗೆ ಹೊಳೆಯಿತು. ಅವನೇ ಬಟ್ಟೆ ಕತ್ತರಿಸಿದ, ಅವನೇ ಹೊಲಿದ, ಎಲ್ಲೋ ಉಳಿದಿದ್ದ ಇಲಾಸ್ಟಿಕ್ಕನ್ನು ಅವನೇ ತೂರಿಸಿದ. "ಜೀವ ನಿನ್ನನ್ನು ಬಿಟ್ಟರೂ ಇದು ನಿನ್ನ ಸೊಂಟವನ್ನು ಬಿಡುವುದಿಲ್ಲ" ಎಂದ.

ಸ್ವಾತಂತ್ರ್ಯ ದಿನದ ಓಟ. ಜಿಟಿ ಜಿಟಿ ಮಳೆ. ಎರಡನೆಯ ಕಿಲೋಮೀಟರಿನಲ್ಲಿ ಸೊಂಟದ ಹತ್ತಿರ 'ಟಪ್' ಎಂದಿತು. ಒದ್ದೆಯಾಗಿ ಭಾರವಾಗಿದ್ದ ಚಡ್ಡಿ ಕೆಳಗೆ ಹೊರಟಿತು. ಎಡಗೈಯಲ್ಲಿ ಗಬಕ್ಕನೆ ಹಿಡಿದೆ. ನಿಂತು ಸರಿಪಡಿಸೋಣ ಎಂದರೆ ರಸ್ತೆಯ ಎರಡೂ ಬದಿಯಲ್ಲಿ ಹೆಣ್ಣುಮಕ್ಕಳ ಶಾಲೆಯವರು ಬಾವುಟ ಹಿಡಿದು ಸಾಲಾಗಿ ನಿಂತಿದ್ದಾರೆ. ಟೀಚರುಗಳು ಬೇರೆ. ನಿಲ್ಲುವ ಧೈರ್ಯ ಬರಲಿಲ್ಲ. ಆ ಸಾಲು ಮುಗಿದರೆ ಸಾಕು ಎಂದು ಜೀವದ ಹಂಗು ಬಿಟ್ಟು ಓಡಿದೆ. ಸಾಲು ಮುಗಿದದ್ದು ಮೈದಾನದಲ್ಲಿ. ನಾನು ಮೂರನೆಯವನಾಗಿ ಬಂದಿದ್ದೆ!

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಬಹುಮಾನ ಕೊಡುವ ಅತಿಥಿಗಳು ದೊಡ್ಡ ಕಪ್ಪನ್ನು ಚಾಚಿ, "ಎರಡೂ ಕೈಯಲ್ಲಿ ತಕ್ಕೊಳ್ಳಿ" ಎಂದರು. ನಾನು ಒಂದು ಕೈ ಚಾಚಿದೆ. "ಎರಡೂ ಕೈ, ಎರಡೂ ಕೈ, ಫೋಟೋ ಉಂಟು" ಎಂದರು. ಆಗ ಹಿಂದಿನಿಂದ ಯಾರೋ ನನ್ನ ಚಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಟೈಲರ್! ಮಾಡಿದ ತಪ್ಪು ಅವನಿಗೆ ಗೊತ್ತಾಗಿತ್ತು. ಇಂದಿಗೂ ನಮ್ಮ ಮನೆಯಲ್ಲಿರುವ ಆ ಫೋಟೋದಲ್ಲಿ ನನ್ನ ಹೆಗಲಿನ ಹಿಂದೆ ಅವನ ಮುಖ ನಗುತ್ತಾ ನಿಂತಿದೆ. ಗೆಳೆಯನ ಗೆಲುವಿಗೆ ಎಷ್ಟು ಹೆಮ್ಮೆ ಎಂದು ನೋಡಿದವರೆಲ್ಲ ಹೇಳುತ್ತಾರೆ.

ಮುಂದಿನ ವರ್ಷ ಅದೇ ಓಟದಲ್ಲಿ ನಾಲ್ಕು ಹೈಸ್ಕೂಲು ಹುಡುಗರು ಎಡಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದು ಓಡುತ್ತಿದ್ದರು. ಇದೆಂತ ಎಂದು ಸೆಕ್ರೆಟರಿಯವರನ್ನು ಕೇಳಿದೆ. "ನೀವು ಹೇಳದಿದ್ದರೆ ನಮಗೆ ಗೊತ್ತಾಗುವುದಿಲ್ಲ ಅಂತ ಎಣಿಸಿದ್ದಿರಾ? ಎಡಗೈ ಆಡಿಸದಿದ್ದರೆ ಉಸಿರು ಉಳಿಯುತ್ತದೆ. ನಾನೇ ಹೇಳಿಕೊಟ್ಟೆ" ಎಂದರು.

ನಾನು ನಿಜ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆ ನಾಲ್ವರಲ್ಲಿ ಒಬ್ಬ ಮೊದಲನೆಯವನಾಗಿ ಬಂದುಬಿಟ್ಟ.

ನೀರಿನ ವ್ಯವಸ್ಥೆ

ಇದು ಸಣ್ಣದು. ಕುಂಬಳೆ ಹತ್ತಿರದ ಅನಂತಪುರದ ಕಡೆ ಒಂದು ಓಟದಲ್ಲಿ, ಅರ್ಧ ದಾರಿಯಲ್ಲಿ ಓಟಗಾರರಿಗೆ ನೀರು ಕೊಡುವ ಜವಾಬ್ದಾರಿಯನ್ನು ಅಲ್ಲಿನ ಒಬ್ಬ ದೊಡ್ಡ ಮನಸ್ಸಿನ ತೆಂಗಿನ ತೋಟದವರು ಹೊತ್ತುಕೊಂಡಿದ್ದರು. ಬರೀ ನೀರು ಕೊಟ್ಟರೆ ಮರ್ಯಾದೆಯಲ್ಲ ಎಂದು ಎಳನೀರು ರಾಶಿ ಹಾಕಿದ್ದರು. ಆದರೆ ಕೆತ್ತಿ ಇಟ್ಟಿರಲಿಲ್ಲ. ಕೆತ್ತಿಟ್ಟರೆ ರುಚಿ ಹೋಗುತ್ತದಂತೆ! ನಾವು ಓಡುತ್ತಾ ಬಂದು ಕತ್ತಿಯ ಮುಂದೆ ಕ್ಯೂ ನಿಂತೆವು. ನಾನು ಗಟಗಟ ಕುಡಿದು ಓಡಿದೆ. ಓಟ ಮುಗಿದು ಅರ್ಧ ಗಂಟೆಯಾದರೂ ಟೈಲರ್ ಪತ್ತೆಯಿಲ್ಲ. ಬಿದ್ದನೋ ಏನೋ ಎಂದು ಸೆಕ್ರೆಟರಿ ಸೈಕಲಿನಲ್ಲಿ ಹುಡುಕಿಕೊಂಡು ಹೋದರು. ಟೈಲರ್ ತೋಟದ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಆರು ಚಿಪ್ಪು.

"ನೀವು ಓಟಗಾರರಾ, ಎಂತ?" ಎಂದು ಸೆಕ್ರೆಟರಿ ಗದರಿಸಿದರು.

ಟೈಲರ್ ಕೈಯಲ್ಲಿದ್ದ ಚಿಪ್ಪನ್ನು ತೋರಿಸಿದ. "ಎಲ್ಲದರಲ್ಲೂ ಎಳೆ ತಿರುಳು ಇತ್ತು ಸಾರ್. ಬಿಟ್ಟು ಓಡಿದರೆ ಕೊಟ್ಟವರಿಗೆ ಬೇಜಾರಾಗುವುದಿಲ್ವಾ?"

ಗೇಟು ಬಿತ್ತು

ಕಡಲಬದಿಯ ರೈಲು ಹಳಿಯನ್ನು ಒಮ್ಮೆ ದಾಟಿ ಹೋಗುವ ಒಂದು ಓಟವಿತ್ತು. ಅದರಲ್ಲಿ ಹುಡುಗರು, ಪ್ರಾಯದವರು ಎಲ್ಲ ಒಟ್ಟಿಗೆ ಹೊರಡುವುದು. ಆ ವರ್ಷ ಒಬ್ಬ ಹರೆಯದ ಪೊಲೀಸ್ ಕಾನ್‌ಸ್ಟೇಬಲ್ ಮೊದಲಿನಿಂದಲೂ ನಮ್ಮ ಕಣ್ಣಿಗೆ ಬೀಳದಷ್ಟು ಮುಂದೆ ಹೋಗಿದ್ದ. ಆದರೆ ಲೆವೆಲ್ ಕ್ರಾಸಿಂಗ್ ಮುಟ್ಟುವಾಗ ಗೇಟು ಬಿದ್ದಿತ್ತು. ಅವನು ನಿಂತ. ಅವನ ಹಿಂದೆ ಬಂದವರು ನಿಂತರು. ನಾನು ಬಂದು ನಿಂತೆ. ಕೊನೆಗೆ, ಏದುಸಿರು ಬಿಡುತ್ತಾ, ಟೈಲರ್ ಕೂಡ ಬಂದು ಸೇರಿಕೊಂಡ. ರೈಲು ಇನ್ನೂ ಬರಲಿಲ್ಲ.

ಕಾನ್‌ಸ್ಟೇಬಲ್ ಮಲಯಾಳಿ ಗೇಟ್‌ಕೀಪರರ ಹತ್ತಿರ ಅಳುವ ಧ್ವನಿಯಲ್ಲಿ, "ನಾನು ಅರ್ಧ ಕಿಲೋಮೀಟರ್ ಮುಂದೆ ಇದ್ದೆ ಚೇಟಾ!" ಎಂದ.

"ಗೂಡ್ಸ್ ಗಾಡಿಗೆ ಅದು ಗೊತ್ತಿಲ್ಲ" ಎಂದರು ಅವರು.

ಆದರೆ ಇದು ಓಟದ ಸ್ಪರ್ಧೆ ಎಂದು ತಿಳಿದ ಮೇಲೆ ಗೇಟ್‌ಕೀಪರರಿಗೆ ಹುರುಪು ಬಂತು. ಎಲ್ಲರನ್ನೂ ಗೇಟಿನ ಉದ್ದಕ್ಕೆ ಒಂದೇ ಸಾಲಿನಲ್ಲಿ ನಿಲ್ಲಿಸಿದರು. "ಯಾರೂ ಅಡಿಯಲ್ಲಿ ನುಸುಳಬಾರದು. ಗೇಟು ಪೂರ್ತಿ ಏಳಬೇಕು ಅಂತಿಲ್ಲ, ಆದರೆ ನಾನು ಹೋಗಿ ಅನ್ನಬೇಕು." ಗೂಡ್ಸ್ ಗಾಡಿ ಬಂತು. ಮುಗಿಯದಷ್ಟು ಉದ್ದ. ಟೈಲರ್ ಒಂದೊಂದು ಡಬ್ಬಿಯನ್ನೂ ನೋಡಿ ಒಂದೊಂದು ಉಸಿರು ತೆಗೆದುಕೊಂಡು ಸುಧಾರಿಸಿಕೊಂಡ.

ಕೊನೆಯ ಡಬ್ಬಿ ದಾಟಿತು. ಗೇಟು ಮೆಲ್ಲನೆ ಏಳತೊಡಗಿತು. "ಹೋಗಿ!" ಎಂದರು. ಎತ್ತರದವರೆಲ್ಲ ಗೇಟು ಇನ್ನಷ್ಟು ಏಳಲಿ ಎಂದು ಕಾದರು. ನಮ್ಮ ಗಿಡ್ಡ ಟೈಲರ್ ತಲೆ ಕೂಡ ಬಗ್ಗಿಸದೆ ಅಡಿಯಲ್ಲಿ ಹಾದು ಓಡಿದ. ಇಡೀ ಜನ್ಮದಲ್ಲಿ ಮೊದಲ ಬಾರಿಗೆ ಅವನು ಎಲ್ಲರಿಗಿಂತ ಮುಂದೆ ಇದ್ದ!

ಅದು ಐವತ್ತು ಹೆಜ್ಜೆಯಷ್ಟೇ ಉಳಿಯಿತು. ಆದರೆ ಆ ಐವತ್ತು ಹೆಜ್ಜೆಯೊಳಗೆ, ಹಳಿಯ ಆಚೆ, ರಸ್ತೆಗೆ ತಾಗಿಕೊಂಡೇ ಅವನ ಹೆಂಡತಿಯ ತವರುಮನೆ. ಮಾವ, ಅತ್ತೆ, ಭಾವಂದಿರು, ನಾದಿನಿಯರು ಎಲ್ಲ ಓಟ ನೋಡಲು ಜಗಲಿಯಲ್ಲಿ ಕೂತಿದ್ದರು. ಅಳಿಯ ಮುಂದೆ, ಇಡೀ ಊರು ಅವನ ಹಿಂದೆ. ಅವರು ಎದ್ದು ನಿಂತು ಕೂಗಿದ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ಮುಂದಿನ ತಿರುವಿನಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಅವನನ್ನು ದಾಟಿದೆವು. ತಿರುವು ಮಾವನ ಮನೆಗೆ ಕಾಣುತ್ತಿರಲಿಲ್ಲ. ಕೊನೆಯಲ್ಲಿ ಅವನು ಹಿಂದಿನಿಂದ ಎರಡನೆಯವನು.

ಈಗ ಅಲ್ಲಿ ಗೇಟು ಇಲ್ಲ, ಮೇಲ್ಸೇತುವೆ ಬಂದಿದೆ. ಟೈಲರ್ ಕೂಡ ಇಲ್ಲ. ಅವನು ತೀರಿಕೊಂಡ ದಿನ ನಾನು ಅವನ ಮನೆಯ ಅಂಗಳದಲ್ಲಿ ಏನೂ ತೋಚದೆ ಕೂತಿದ್ದೆ. ಅವನ ದೊಡ್ಡ ಭಾವ ಬಂದು ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡು ಹೇಳಿದರು: "ಎಂಥಾ ಓಟಗಾರ ಮಾರಾಯ್ರೇ! ಪೊಲೀಸರಿಗೂ ಹಿಡಿಯಲಿಕ್ಕೆ ಆಗಿಲ್ಲ."

ನಾನು ಹೌದು ಎಂದೆ. ಸಾವಿನ ಮನೆಯಲ್ಲಿ ನಗು ತಡೆದುಕೊಳ್ಳುವುದು ಹತ್ತು ಕಿಲೋಮೀಟರ್ ಓಡುವುದಕ್ಕಿಂತ ಕಷ್ಟ ಎಂದು ಆ ದಿನ ಗೊತ್ತಾಯಿತು.

ಸುಣ್ಣದ ಬಾಣ

ತೊಂಬತ್ತೊಂಬತ್ತರಲ್ಲಿ ನಮ್ಮ ಕ್ಲಬ್ಬಿನವರೇ ಪೆರ್ಲದ ಆಚೆ ಒಂದು ಓಟ ಇಟ್ಟರು. ನಲವತ್ತು ದಾಟಿದವರಿಗೆ ಮಾತ್ರ. ಓಡುವವರು ನಾವೇ ಏಳು ಮಂದಿ. ಸೆಕ್ರೆಟರಿಯವರು ಹಿಂದಿನ ವರ್ಷಗಳ ನಂಬರು ಬಟ್ಟೆಗಳನ್ನೇ ಹಂಚಿದ್ದರು. ಹಾಗಾಗಿ ಏಳು ಮಂದಿಯ ಓಟದಲ್ಲಿ ನನ್ನ ಎದೆಯ ಮೇಲೆ ಐವತ್ತಾರು. ದಾರಿ ತಪ್ಪದಿರಲಿ ಎಂದು ಹಿಂದಿನ ಸಂಜೆ ಅವರೇ ಹೋಗಿ ತಿರುವುಗಳಲ್ಲಿ ಡಾಮರಿನ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಬರೆದು ಬಂದಿದ್ದರು. ಓಟ ಮುಗಿಯುವುದು ಒಂದು ಶಾಲೆಯ ಮೈದಾನದಲ್ಲಿ.

ಅವರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಅದೇ ದಿನ ಅಲ್ಲೇ ಒಂದು ಮದುವೆ. ಆ ಮನೆಯವರೂ ದಿಬ್ಬಣಕ್ಕೆ, ಅಂದರೆ ಮದುಮಗನ ಕಡೆಯವರಿಗೆ, ದಾರಿ ಗೊತ್ತಾಗಲಿ ಎಂದು ಸುಣ್ಣದ ಬಾಣ ಬರೆದಿದ್ದರು. ಒಂದು ಕವಲಿನಲ್ಲಿ ಎಡಕ್ಕೊಂದು ಬಾಣ, ಬಲಕ್ಕೊಂದು ಬಾಣ. ಅಲ್ಲಿ ನಿಲ್ಲಬೇಕಾಗಿದ್ದ ನಮ್ಮ ಕಾರ್ಯಕರ್ತ ಚಾ ಕುಡಿಯಲು ಹೋಗಿದ್ದ.

ಮುಂದೆ ಇದ್ದವನು ನಾನು. ಎಡಕ್ಕೆ ತಿರುಗಿದೆ. ಉಳಿದ ಆರು ಮಂದಿ ನನ್ನನ್ನು ನಂಬಿ ಬಂದರು. ಗೇರುಮರಗಳ ನಡುವಿನ ಏರು ಮುಗಿಯುತ್ತಲೇ ಕಂಡಿತು: ದೊಡ್ಡ ಚಪ್ಪರ, ಬಾಳೆಕಂಬದ ದ್ವಾರ, ಮೈಕಿನಲ್ಲಿ ವಾಲಗ. ಈ ಸಲ ಸೆಕ್ರೆಟರಿಯವರು ಎಷ್ಟು ಗಮ್ಮತ್ತು ಮಾಡಿದ್ದಾರೆ ಎಂದುಕೊಂಡೆ. ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡಿ, ಎರಡೂ ಕೈ ಮೇಲೆತ್ತಿ ದ್ವಾರದ ಒಳಗೆ ನುಗ್ಗಿದೆ. ಇಬ್ಬರು ಹೆಂಗಸರು ಪನ್ನೀರು ಚಿಮುಕಿಸಿದರು. ಯಾರೋ ಬೆಲ್ಲ, ನೀರು ಕೊಟ್ಟರು. ಪಂಚೆ ಶಾಲಿನ ಯಜಮಾನರೊಬ್ಬರು ಕೈ ಮುಗಿದು ಬಂದವರು, ನಮ್ಮ ಕಾಲುಗಳನ್ನು ನೋಡಿ ನಿಂತರು.

"ನೀವು ದಿಬ್ಬಣದವರಾ? ಮದುಮಗ ಎಲ್ಲಿ?"

"ನಾವು ಓಟದವರು. ಸೆಕ್ರೆಟರಿ ಎಲ್ಲಿ?" ಎಂದೆ ನಾನು.

ಒಂದು ನಿಮಿಷದಲ್ಲಿ ಇಬ್ಬರಿಗೂ ವಿಷಯ ಹೊಳೆಯಿತು. ಅವರು ಮದುಮಗಳ ತಂದೆ. ದಿಬ್ಬಣದ ಬಸ್ಸು ಬಂದು ಅರ್ಧ ಗಂಟೆಯಾಗಬೇಕಿತ್ತು. ಬರಲಿಲ್ಲ ಎಂದರೆ ಅದು ಬಲಗಡೆಯ ಬಾಣ ಹಿಡಿದು ನಮ್ಮ ಮೈದಾನಕ್ಕೇ ಹೋಗಿರಬೇಕು. ಮುಹೂರ್ತಕ್ಕೆ ಉಳಿದದ್ದು ನಲವತ್ತೈದು ನಿಮಿಷ. ಆ ಮನೆಗೆ ಫೋನಿಲ್ಲ. ಇದ್ದ ಒಂದು ಜೀಪು ಮೊಸರು ತರಲು ಪೇಟೆಗೆ ಹೋಗಿದೆ. ಆ ಮನುಷ್ಯ ಬೆಂಚಿನ ಮೇಲೆ ಕುಸಿದು, "ಒಬ್ಬಳೇ ಮಗಳು. ಈ ಮುಹೂರ್ತ ತಪ್ಪಿದರೆ ಇನ್ನು ಮಳೆಗಾಲ ಕಳೆದ ಮೇಲೆ" ಎಂದರು. ಅವರ ಮುಖ ಸುಣ್ಣಕ್ಕಿಂತ ಬೆಳ್ಳಗಾಗಿತ್ತು.

"ಇಲ್ಲಿಂದ ಗುಡ್ಡದ ಮೇಲಿನ ಪದವು ದಾಟಿದರೆ ಶಾಲೆಗೆ ಎಷ್ಟು ದೂರ?" ಎಂದು ಟೈಲರ್ ಕೇಳಿದ.

"ಎರಡು ಕಿಲೋಮೀಟರ್ ಇರಬಹುದು. ಕಾಲುದಾರಿ."

ಹದಿನೈದು ವರ್ಷ ನಾವು ಓಡಿದ್ದೆವು. ನಮ್ಮ ಓಟದಿಂದ ಯಾರಿಗಾದರೂ ಉಪಕಾರ ಆಗಬಹುದು ಎಂದು ಅವತ್ತಿನವರೆಗೆ ಯಾರೂ ಹೇಳಿರಲಿಲ್ಲ. ಏಳೂ ಮಂದಿ ಮುರಕಲ್ಲಿನ ಬೋಳು ಪದವಿನ ಮೇಲೆ ಹಾರಿ ಹಾರಿ ಓಡಿದೆವು.

ಮೈದಾನದಲ್ಲಿ ಆದದ್ದನ್ನು ಆಮೇಲೆ ಕೇಳಿ ತಿಳಿದೆವು. ದೂಳು ಏಳುವುದನ್ನು ಕಂಡು ಸೆಕ್ರೆಟರಿಯವರು ಸೀಟಿ ಊದಿದರಂತೆ. ಬ್ಯಾಂಡಿನವರು ಬಾರಿಸಿದರಂತೆ. ದಿಬ್ಬಣದ ಬಸ್ಸು ಗೆಲುವಿನ ರಿಬ್ಬನ್ ಹರಿದುಕೊಂಡೇ ಒಳಗೆ ಬಂತಂತೆ. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮಕ್ಕೆ ಹೋಗುವ ಅವಸರ. ಮೊದಲು ಇಳಿದವನ ಕುತ್ತಿಗೆಗೆ ಮೆಡಲು ಹಾಕಿ ಹೊರಟೇ ಹೋದರು. ಇಳಿದವನು ಮದುಮಗ. ಹೆಣ್ಣಿನ ಕಡೆಯವರ ಸ್ವಾಗತ ಕಂಡು ಅವನ ತಂದೆಗೆ ಬಹಳ ಸಂತೋಷವಾಗಿತ್ತು. ಸೆಕ್ರೆಟರಿಯವರು ಪುಸ್ತಕ ತೆರೆದು, "ನಿಮ್ಮ ನಂಬರ್ ಎಷ್ಟು?" ಎಂದು ಮದುಮಗನನ್ನು ಕೇಳಿದ ಮೇಲೆಯೇ ಎಲ್ಲರಿಗೂ ಸಂಶಯ ಬಂದದ್ದು. ಗಾಬರಿಯಲ್ಲಿ ಡ್ರೈವರ್ ಬಸ್ಸನ್ನು ಹಿಂದಕ್ಕೆ ತೆಗೆದ. ಹಿಂದಿನ ಎರಡೂ ಚಕ್ರ ಲಾಂಗ್ ಜಂಪಿನ ಹೊಯಿಗೆ ಗುಂಡಿಯೊಳಗೆ ಇಳಿದು ಕೂತವು.

ನಾವು ಮುಟ್ಟುವಾಗ ಐವತ್ತು ಮಂದಿ ಬಸ್ಸನ್ನು ದೂಡುತ್ತಿದ್ದರು. ಬಸ್ಸು ಕೂತಲ್ಲೇ ಇತ್ತು. ಉಳಿದದ್ದು ಇಪ್ಪತ್ತೈದು ನಿಮಿಷ. "ಮದುಮಗ ನಮ್ಮ ಜೊತೆ ಓಡಲಿ" ಎಂದೆ.

ಮದುಮಗ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಇಪ್ಪತ್ತೆಂಟು ವರ್ಷ, ದುಂಡು ದುಂಡಗೆ ಮೈ. ಪಂಚೆ ಎತ್ತಿ ಕಟ್ಟಿದ. ಅವನ ಪೇಟವನ್ನು ಟೈಲರ್ ತಲೆಗೆ ಇಟ್ಟುಕೊಂಡ. ಮೊಣಕಾಲಿಗೆ ಬಡಿಯುತ್ತಿದ್ದ ದೊಡ್ಡ ಹೂವಿನ ಹಾರವನ್ನು ನಾನು ನನ್ನ ಕುತ್ತಿಗೆಗೆ ಹಾಕಿಕೊಂಡೆ, ಅವನ ಕೈ ಹಿಡಿಯಲು ನನ್ನ ಕೈ ಬೇಕಿತ್ತಲ್ಲ. ಇಬ್ಬರು ಮುಂದೆ, ಇಬ್ಬರು ಬದಿಯಲ್ಲಿ, ಮೂವರು ಹಿಂದೆ. ನಡುವೆ ಮದುಮಗ. ಸೆಕ್ರೆಟರಿಯವರು ಅಭ್ಯಾಸಬಲದಿಂದ ಸೀಟಿ ಊದಿ ಸ್ಟಾಪ್‌ವಾಚು ಒತ್ತಿದರು.

"ಮೂಗಿನಲ್ಲಿ ಶ್ವಾಸ ತಕ್ಕೊಳ್ಳಿ, ಬಾಯಿಯಲ್ಲಿ ಬಿಡಿ" ಎಂದು ಟೈಲರ್ ದಾರಿಯುದ್ದಕ್ಕೂ ಪಾಠ ಹೇಳಿದ. ಒಂದು ಕಿಲೋಮೀಟರ್ ಆಗುವಾಗ ಮದುಮಗ ನಿಂತೇಬಿಟ್ಟ. "ನನಗೆ ಮದುವೆಯೇ ಬೇಡ ಮಾರಾಯ್ರೇ. ಸ್ವಲ್ಪ ಕೂತುಕೊಳ್ತೇನೆ."

"ಕೂತರೆ ಏಳುವುದಿಲ್ಲ. ನಮಗೆ ಅನುಭವ ಉಂಟು. ನಡೀರಿ!" ಎಂದು ಹಿಂದಿನ ಮೂವರು ಬೆನ್ನಿಗೆ ಕೈ ಕೊಟ್ಟು ದೂಡಿದರು.

ಗುಡ್ಡದ ತುದಿಯಿಂದ ಚಪ್ಪರ ಕಂಡಿತು. ಮಂಟಪದಿಂದ ಪುರೋಹಿತರು, "ಐದು ನಿಮಿಷ! ಇನ್ನು ಐದು ನಿಮಿಷ!" ಎಂದು ಕೂಗುವುದು ಮೈಕಿನಲ್ಲಿ ಕೇಳಿತು. ಸುದ್ದಿ ಮುಟ್ಟಿಸೋಣ ಎಂದು ನಾನು ಮದುಮಗನ ಕೈ ಬಿಟ್ಟು ಮುಂದೆ ಓಡಿದೆ. ದ್ವಾರ ದಾಟಿ, ಜನರ ನಡುವೆ ನುಗ್ಗಿ, "ಬಂದರು! ಬಂದರು!" ಎಂದು ಕೂಗುತ್ತಾ ಮಂಟಪದ ಮೆಟ್ಟಿಲು ಮುಟ್ಟಿದೆ. ಅಂಗಳದಲ್ಲಿದ್ದವರೆಲ್ಲ, ಮದುಮಗಳ ತಂದೆ ಸಹಿತ, ಗುಡ್ಡದ ಕಡೆಗೆ ಓಡಿದರು.

ಪುರೋಹಿತರಿಗೆ ತುಂಬ ಪ್ರಾಯ. ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದರ ಮೇಲೆ ಹೋಮದ ಹೊಗೆ ಬೇರೆ. ಅವರಿಗೆ ಕಂಡದ್ದು ಇಷ್ಟೇ: ಓಡಿ ಬಂದ ಒಬ್ಬ ಗಂಡಸು, ಕುತ್ತಿಗೆಯಲ್ಲಿ ಮದುವೆಯ ಹಾರ. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಮೇಲಕ್ಕೆ ಎಳೆದರು. ನನಗೆ ಬಿಡಿಸಿ ಹೇಳಲು ಉಸಿರಿಲ್ಲ. ಭುಜ ಒತ್ತಿ ಮಣೆಯ ಮೇಲೆ ಕೂರಿಸಿಯೇಬಿಟ್ಟರು. ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಮದುಮಗಳಿಗೆ ಮೊದಲು ನನ್ನ ಕ್ಯಾನ್ವಾಸ್ ಶೂ ಕಂಡಿತು. ಆಮೇಲೆ ಮೊಣಕಾಲು. ಅವಳು ಕಿಟಾರನೆ ಕಿರುಚಿ ಎದ್ದು ನಿಂತಳು.

ಏನೋ ಹೆಚ್ಚುಕಮ್ಮಿಯಾಗಿದೆ ಎಂದು ಪುರೋಹಿತರಿಗೆ ಆಗ ಅನಿಸಿತು. ಬಗ್ಗಿ, ನನ್ನ ಮುಖವನ್ನಲ್ಲ, ಎದೆಯನ್ನು ಬಹಳ ಹತ್ತಿರದಿಂದ ನೋಡಿದರು. ನಂಬರು ಬಟ್ಟೆಯ ಮೇಲೆ ಬೆರಳಿಟ್ಟು ಓದಿದರು. ಮತ್ತೆ ಮೈಕಿನ ಕಡೆ ತಿರುಗಿ ಮದುಮಗಳ ತಂದೆಯನ್ನು ಹೆಸರು ಹಿಡಿದು ಕೂಗಿ, ಗುಡ್ಡದ ಆಚೆಗೂ ಕೇಳುವ ಹಾಗೆ ಹೇಳಿದರು:

"ಹುಡುಗನಿಗೆ ಇಪ್ಪತ್ತೆಂಟು ಅಂತ ಅಲ್ವಾ ನೀವು ಹೇಳಿದ್ದು? ಇವನು ಐವತ್ತಾರು ಅಂತ ಎದೆಯ ಮೇಲೆಯೇ ಬರೆದುಕೊಂಡು ಬಂದಿದ್ದಾನಲ್ಲ!"